ರೊಕ್ಕ ಕಡಿಮೆ ಬಿದ್ದ ತಿಂಗಳು, ಟ್ರಂಕಿನ ತಳದ ಹಳೇ ಸೀರೆ

ಮೊದಲೇ ಹೇಳಿಬಿಡುತ್ತೇನೆ, ಹಳೇ ಬಟ್ಟೆಯಲ್ಲಿ ಚೀಲ ಹೊಲಿದರೆ ಮನೆ ಬಾಡಿಗೆ ಹುಟ್ಟುವುದಿಲ್ಲ. "ಮನೆಯಲ್ಲೇ ಕೂತು ತಿಂಗಳಿಗೆ ಇಷ್ಟು ಸಾವಿರ ಗಳಿಸಿ" ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಅದನ್ನು ನಂಬಿ ಮೊದಲು ಹೊಲಿಗೆ ಮಷಿನ್, ಆಮೇಲೆ ಲೇಸು, ಆಮೇಲೆ ಬಣ್ಣದ ದಾರದ ಡಬ್ಬಿ ಅಂತ ಸಾಲ ಮಾಡಿ ತಂದವರನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಆ ಮಷಿನ್ ಮೇಲೆ ಈಗ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಗುಡ್ಡೆ ಬಿದ್ದಿರುತ್ತದೆ. ನಾನು ಹೇಳೋದು ಅದಲ್ಲ. ಕೈಯಲ್ಲಿ ರೊಕ್ಕ ಇಲ್ಲದ ತಿಂಗಳನ್ನು ಹೇಗೆ ದಾಟೋದು, ದಾಟುವಾಗ ತಲೆ ಕೆಡದ ಹಾಗೆ ಕೈಗೆ ಏನು ಕೆಲಸ ಕೊಡೋದು, ಅಷ್ಟೇ.

ನನಗೆ ಇದನ್ನೆಲ್ಲ ಕಲಿಸಿದ್ದು ಎರಡು ತಿಂಗಳು ಬಾರದೇ ಹೋದ ಪಗಾರ. ನಮ್ಮವರು ಕೆಲಸ ಮಾಡುತ್ತಿದ್ದ ಕಡೆ "ಮುಂದಿನ ವಾರ, ಮುಂದಿನ ವಾರ" ಅಂತ ತಳ್ಳುತ್ತಲೇ ಹೋದರು. ಹಳೇ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. 2016ರ ನವೆಂಬರ್‌ನಲ್ಲಿ 500, 1000ದ ನೋಟು ರದ್ದಾದಾಗಲೂ ಕೈ ಖಾಲಿಯಾಗಿತ್ತು ನಿಜ. ಆದರೆ ಆಗ ಇಡೀ ಊರೇ ಎಟಿಎಂ ಮುಂದೆ ಸಾಲಿನಲ್ಲಿ ನಿಂತಿತ್ತು, ನಾಚಿಕೆ ಇರಲಿಲ್ಲ. ನಮ್ಮೊಬ್ಬರ ಮನೆಯಲ್ಲಷ್ಟೇ ರೊಕ್ಕ ಮುಗಿದಾಗ ಹಾಗಲ್ಲ. ಕಿರಾಣಿ ಅಂಗಡಿ ಮುಂದೆ ಹೋಗುವಾಗ ಕಾಲು ತಾನಾಗೇ ಜೋರು ಹೆಜ್ಜೆ ಹಾಕುತ್ತದೆ, ಅಲ್ವಾ?

ಮೊದಲು ರೊಕ್ಕ, ಆಮೇಲೆ ಸೂಜಿ

ಸೂಜಿ ಹಿಡಿಯುವ ಮುಂಚೆ ಒಂದು ಸಂಜೆ ಮನೆಮಂದಿ ಎಲ್ಲ ಕೂತು ಲೆಕ್ಕ ಮಾಡಿ. ಗಂಡ ಒಬ್ಬನೇ ಅಥವಾ ಹೆಂಡತಿ ಒಬ್ಬಳೇ ಮನಸ್ಸಿನಲ್ಲಿ ಮಾಡುವ ಲೆಕ್ಕ ಯಾವಾಗಲೂ ತಪ್ಪುತ್ತದೆ. ಅಂಗಿ ಜೇಬು, ಸಾಸಿವೆ ಡಬ್ಬಿ, ದೇವರ ಮುಂದಿನ ಹುಂಡಿ, ಹಳೇ ಪರ್ಸಿನ ಚಿಲ್ಲರೆ ಎಲ್ಲ ಒಂದು ತಟ್ಟೆಗೆ ಸುರಿಯಿರಿ. ನಮ್ಮಲ್ಲಿ ಹಾಗೆ ಸುರಿದಾಗ 840 ರೂಪಾಯಿ ಸಿಕ್ಕಿತು, ಅದರಲ್ಲಿ ಅತ್ತೆಯ ಎಲೆ ಅಡಿಕೆ ಸಂಚಿಯದೇ 200.

ಆಮೇಲೆ ಒಂದು ಹಾಳೆಯಲ್ಲಿ ಕೊಡಬೇಕಾದ್ದನ್ನು ಬರೆಯಿರಿ. ಎಷ್ಟು ಕೊಡಬೇಕು ಅನ್ನುವುದಕ್ಕಿಂತ ಯಾವ ತಾರೀಖಿಗೆ ಕೊಡಬೇಕು ಅನ್ನುವುದು ಮುಖ್ಯ. ಬಾಡಿಗೆ 5ಕ್ಕೆ, ಗ್ಯಾಸ್ ಸುಮಾರು 12ಕ್ಕೆ, ಮಗಳ ಫೀ 20ಕ್ಕೆ, ಹೀಗೆ. ತಾರೀಖು ಕಣ್ಣ ಮುಂದೆ ಇದ್ದರೆ ಯಾರ ಹತ್ತಿರ ಮೊದಲೇ ಹೋಗಿ ಮಾತಾಡಬೇಕು ಅಂತ ಗೊತ್ತಾಗುತ್ತದೆ. ಮನೆ ಮಾಲಕರಿಗೆ 3ನೇ ತಾರೀಖೇ ಹೋಗಿ "ಈ ಸಲ ಹತ್ತು ದಿನ ತಡ ಆಗ್ತದರೀ, ಅರ್ಧ ಈಗ ತಗೊಳ್ರಿ" ಅಂದರೆ ಒಪ್ಪುವವರೇ ಜಾಸ್ತಿ. 8ನೇ ತಾರೀಖಿನವರೆಗೆ ಫೋನ್ ಎತ್ತದೆ ಕೂತರೆ ಒಳ್ಳೆಯವರೂ ಸಿಟ್ಟಾಗುತ್ತಾರೆ.

ಪಿಗ್ಮಿ (ದಿನಾ ಸ್ವಲ್ಪ ಸ್ವಲ್ಪ ತುಂಬುವ ಉಳಿತಾಯ) ಕಟ್ಟುತ್ತಿದ್ದರೆ ಅವಧಿಗೆ ಮುಂಚೆ ತೆಗೆದರೆ ಎಷ್ಟು ಮುರಿದುಕೊಳ್ಳುತ್ತಾರೆ ಅಂತ ಕೇಳಿ ಇಟ್ಟುಕೊಳ್ಳಿ, ತೆಗೆಯಲೇಬೇಕು ಅಂತಿಲ್ಲ. ಭಿಶಿ, ಅಂದರೆ ಗುಂಪಿನವರು ಪಾಳಿಯ ಮೇಲೆ ಎತ್ತುವ ಚೀಟಿ, ಹಾಕಿದ್ದರೆ ನಿಮ್ಮ ಪಾಳಿ ಮುಂದೆ ಇದೆಯಾ ನೋಡಿ, ಈ ತಿಂಗಳ ಪಾಳಿಯವರ ಜೊತೆ ಅದಲು ಬದಲು ಮಾಡಿಕೊಳ್ಳಬಹುದು. ನನಗೆ ಹಾಗೆ ತಮ್ಮ ಪಾಳಿ ಬಿಟ್ಟುಕೊಟ್ಟದ್ದು ಎದುರು ಮನೆ ಕಾಕೂ. ಕೇಳಲು ನಾಲ್ಕು ದಿನ ಒದ್ದಾಡಿದ್ದೆ. ಕೇಳಿದ ಮೇಲೆ ಅವರು ಅಂದದ್ದು, "ಅಯ್ಯ, ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡು ಅಡ್ಡಾಡಾಕತ್ತಿದ್ದೇನವಾ?"

ಗೃಹಲಕ್ಷ್ಮಿಯ 2000 ರೂಪಾಯಿ ಖಾತೆಗೆ ಬಂದ ಮೇಲೆ ಲೆಕ್ಕಕ್ಕೆ ಹಿಡಿಯಿರಿ, ಬರುತ್ತದೆ ಅಂತ ಮೊದಲೇ ಖರ್ಚು ಬರೆಯಬೇಡಿ. ಕಿರಾಣಿ ಉದ್ರಿ ತಪ್ಪಲ್ಲ, ಆದರೆ ಅಂಗಡಿಯವರ ಪುಸ್ತಕದ ಜೊತೆ ನಿಮ್ಮ ಪುಸ್ತಕದಲ್ಲೂ ಅದೇ ದಿನ ಬರೆದಿಡಿ, ಮತ್ತು ಮಕ್ಕಳನ್ನು ಉದ್ರಿ ತರಲು ಕಳಿಸಬೇಡಿ. ಚಿಪ್ಸ್ ಪಾಕೀಟು ಬಂದು ಸೇರುತ್ತದೆ!

ಬಡ್ಡಿ ವಿಷಯ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಕೈಗಡ ಕೊಡುವವರು "ನೂರಕ್ಕೆ ಮೂರೇ" ಅನ್ನುತ್ತಾರೆ. ಅದು ತಿಂಗಳ ಲೆಕ್ಕ. ವರ್ಷಕ್ಕೆ ನೂರಕ್ಕೆ 36 ಆಯಿತು, 10,000ಕ್ಕೆ 3,600 ಬರೀ ಬಡ್ಡಿ, ಅಸಲು ಹಾಗೇ ಕೂತಿರುತ್ತದೆ. ಅದಕ್ಕಿಂತ ಬ್ಯಾಂಕಿನಲ್ಲಿ ಬಂಗಾರ ಅಡವಿಟ್ಟರೆ ಬಡ್ಡಿ ಕಡಿಮೆ, ರಶೀದಿಯೂ ಸಿಗುತ್ತದೆ. ಇನ್ನು ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಹೆಸರು ಕೇಳದ ಆ್ಯಪ್‌ಗಳ ಹತ್ತಿರ ಸುಮ್ನೆ ಕೂಡ ಸುಳಿಯಬೇಡಿ. ನಿಮ್ಮ ಫೋನಿನಲ್ಲಿರುವ ಎಲ್ಲ ನಂಬರ್ ಎಳೆದುಕೊಂಡು, ಒಂದು ದಿನ ತಡವಾದರೆ ಬೀಗರಿಗೆಲ್ಲ ಮೆಸೇಜ್ ಹಾಕುತ್ತಾರೆ. ಈಗಾಗಲೇ ಸಿಕ್ಕಿಬಿದ್ದು ರೊಕ್ಕ ಕಳೆದುಕೊಂಡಿದ್ದರೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇಷ್ಟು ಮಾಡಿ ಮುಗಿಸಿದಾಗ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದು. ರೊಕ್ಕ ಅಷ್ಟೇ ಇತ್ತು, ನಿದ್ದೆ ಮಾತ್ರ ಬಂತು.

ಟ್ರಂಕು ಇಳಿಸಿ

ಹಳೇ ಬಟ್ಟೆ, ಕಾಗದದಿಂದ ಏನಾದರೂ ಮಾಡುವ ಈ ಕೆಲಸಕ್ಕೆ ನನ್ನ ನಿಯಮ ಒಂದೇ. ಸೂಜಿ, ದಾರ ಬಿಟ್ಟು ಬೇರೆ ಏನನ್ನೂ ದುಡ್ಡು ಕೊಟ್ಟು ತರಬಾರದು. ಮಣಿ ಬೇಡ, ಲೇಸು ಬೇಡ, ಅಂಟು ಹಚ್ಚುವ ಗ್ಲೂ ಗನ್ ಬೇಡ. ಹಳೇದರಿಂದ ಹೊಸದು ಮಾಡುತ್ತೇನೆ ಅಂತ 600 ರೂಪಾಯಿಯ ಹೊಸ ಸಾಮಾನು ತಂದರೆ ಏನು ಬಂತು? ದಾರ ಬೇಕಾದರೆ ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆ ಕಡೆ ಹೋಗಿ ಬನ್ನಿ. 2023ರ ಜೂನ್‌ನಿಂದ ಹೆಂಗಸರಿಗೆ ಸಾದಾ ಸರ್ಕಾರಿ ಬಸ್ಸು ಪುಕ್ಕಟೆ ಇದೆ, ಹೋಗಿಬರುವ ಖರ್ಚಿಲ್ಲ. ಆದರೆ ಅಲ್ಲಿ ಗಿರಮಿಟ್ಟು ಮಿರ್ಚಿ ವಾಸನೆ ದಾಟಿ ಬರುವುದು ನಿಮ್ಮ ಜವಾಬ್ದಾರಿ.

ಟ್ರಂಕು ಇಳಿಸಿ, ಅಟ್ಟದ ಗಂಟು ಬಿಚ್ಚಿ, ಎಲ್ಲವನ್ನೂ ಪಡಸಾಲೆಯಲ್ಲಿ ಹರವಿ. ಹಳೇ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಮಾವನವರ ಧೋತರ, ಹಾಸಿಗೆ ಹೊದಿಕೆ, ಮೊಣಕಾಲು ಹರಿದ ಜೀನ್ಸ್, ಶಾಲೆಯ ಹಳೇ ಯೂನಿಫಾರ್ಮು. ಯೂನಿಫಾರ್ಮ್ ಬಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅದರಷ್ಟು ಗಟ್ಟಿ ಬಟ್ಟೆ ಇನ್ನೊಂದಿಲ್ಲ.

ಈಗ ಒಂದೊಂದನ್ನೇ ಎತ್ತಿ ಕಿಟಕಿ ಬೆಳಕಿಗೆ ಹಿಡಿಯಿರಿ. ಅಲ್ಲಲ್ಲಿ ಜಾಲರಿಯಂತೆ ಕಂಡರೆ ಅಲ್ಲಿ ಬಟ್ಟೆ ಸತ್ತಿದೆ ಅಂತ ಅರ್ಥ. ಎರಡೂ ಹೆಬ್ಬೆರಳಿನಿಂದ ಎಳೆದು ನೋಡಿ, ಚರ್ ಅಂದರೆ ಅದು ಕೌದಿಯ (ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಹಾಸು ಹೊದಿಕೆಯ) ಒಳಪದರಕ್ಕೆ ಮಾತ್ರ. ಚೀಲಕ್ಕೆ ಬೇಡ. ಸೀರೆಯ ನಡುಭಾಗ, ಕೂರುವ ಜಾಗ, ಮೊದಲು ಸವೆಯುತ್ತದೆ. ಸೆರಗಿನ ಒಳಮಡಿಕೆ ಮತ್ತು ನೆರಿಗೆಯ ಭಾಗ ಎಷ್ಟೋ ಸಲ ಹೊಸದರಂತೆ ಇರುತ್ತದೆ.

ಹತ್ತಿಯೋ ಪಾಲಿಸ್ಟರೋ ಗೊತ್ತಾಗದಿದ್ದರೆ ಅಂಚಿನ ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಅದನ್ನು ಬಿಸಿ ಇರುವಾಗ ಮುಟ್ಟಬೇಡಿ. ಕೌದಿಗೆ ಹತ್ತಿ ಒಳ್ಳೆಯದು, ಬೆವರು ಹೀರುತ್ತದೆ. ಚೀಲಕ್ಕೆ ಪಾಲಿಸ್ಟರ್ ನಡೆಯುತ್ತದೆ. ಮನೆ ಬಾಗಿಲಿಗೆ ಬಂದು ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವರಿಗೆ ಪಾಲಿಸ್ಟರ್ ಸೀರೆ ಕೊಡಿ, ಹತ್ತಿಯದನ್ನು ಮಾತ್ರ ಕೊಡಬೇಡಿ. ಅವರು ಕೇಳುವುದೂ ಅದನ್ನೇ!

ಬಣ್ಣ ಬಿಡುವ ಬಟ್ಟೆಯ ಬಗ್ಗೆ ಎಚ್ಚರ ಇರಲಿ. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಕೆಂಪು ಬಂತೋ, ಆ ಸೀರೆಯನ್ನು ಬೇರೆ ಬಕೆಟ್ಟಿನಲ್ಲಿ ತಣ್ಣೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೂ ಬದಲಿಸುತ್ತಾ ಹೋಗಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹಾಕಿದೆ, ನನ್ನ ಮೊದಲ ಕೌದಿಯ ಬಿಳಿ ಧೋತರ ಇವತ್ತಿಗೂ ಗುಲಾಬಿ ಬಣ್ಣದಲ್ಲೇ ಇದೆ.

ಶುರುವಿಗೆ ಒಂದು ಸಂತೆ ಚೀಲ

ನೇರ ಕೌದಿಗೆ ಕೈ ಹಾಕಬೇಡಿ. ಅರ್ಧಕ್ಕೆ ಬಿಟ್ಟ ಕೌದಿ ಮನೆಯಲ್ಲಿ ಇದ್ದರೆ ದಿನಾ ಕಣ್ಣಿಗೆ ಚುಚ್ಚುತ್ತದೆ. ಹಳೇ ಜೀನ್ಸಿನ ಒಂದು ಕಾಲು ತಗೊಳ್ಳಿ. ತೊಡೆಯ ಕಡೆಯಿಂದ 16 ಇಂಚು ಉದ್ದ ಕತ್ತರಿಸಿ. ಆಗಲೇ ಅದು ಕೊಳವೆ, ಪಕ್ಕ ಹೊಲಿಯುವ ಕೆಲಸ ಉಳಿಯಿತು. ಒಳಗು ಹೊರಗು ತಿರುಗಿಸಿ, ಸಣ್ಣ ಬಾಯಿಯ ಕಡೆ ಅಡಿ ಹೊಲಿಯಿರಿ. ಕೈಹೊಲಿಗೆ ಆದರೆ ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಹೊಲಿಗೆ ಹಾಕಿ, ಎರಡು ಸಾಲು. ಸಾದಾ ಓಟದ ಹೊಲಿಗೆ ಹಾಕಿದರೆ ಒಂದು ಎಳೆ ಹರಿದ ದಿನ ಆಲೂಗಡ್ಡೆ ಎಲ್ಲ ರಸ್ತೆಗೆ.

ಅಡಿಯ ಎರಡು ಮೂಲೆಗಳನ್ನು ಹೀಗೆ ಮಾಡಿ: ಮೂಲೆಯನ್ನು ಚಿವುಟಿ ಹಿಡಿದು, ಪಕ್ಕದ ಮಡಿಕೆ ಅಡಿಯ ಹೊಲಿಗೆಯ ಮೇಲೆ ಕೂರುವ ಹಾಗೆ ತ್ರಿಕೋನ ಮಾಡಿ, ತುದಿಯಿಂದ ಎರಡು ಇಂಚು ಒಳಗೆ ಅಡ್ಡ ಹೊಲಿಯಿರಿ. ಚೀಲಕ್ಕೆ ಕೂರುವ ತಳ ಬರುತ್ತದೆ. ಬಾಯಿಯನ್ನು ಎರಡು ಸಲ ಮಡಚಿ ಹೊಲಿಯಿರಿ. ಹಿಡಿಕೆಗೆ ಜೀನ್ಸಿನ ಸೊಂಟದ ಪಟ್ಟಿ ಇದೆಯಲ್ಲ, ಅದನ್ನೇ ಕತ್ತರಿಸಿ ಹಾಕಿ, ಅದಕ್ಕಿಂತ ಗಟ್ಟಿ ಪಟ್ಟಿ ಅಂಗಡಿಯಲ್ಲೂ ಸಿಗಲ್ಲ. ಹಿಡಿಕೆ ಚೀಲದ ಒಳಗೆ ಎರಡು ಇಂಚು ಇಳಿಯಬೇಕು, ಅಲ್ಲಿ ಚೌಕಾಕಾರದಲ್ಲಿ ಹೊಲಿದು ನಡುವೆ ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಹೊಲಿಯಿರಿ. ಇಸ್ತ್ರಿ ಬೇಕಿಲ್ಲ, ಕರೆಂಟು ಯಾಕೆ ಸುಡಬೇಕು, ದಪ್ಪ ತಳದ ಚಂಬಿನಲ್ಲಿ ಕುದಿಯುವ ನೀರು ಹಾಕಿ ಹೊಲಿಗೆಯ ಮೇಲೆ ಒತ್ತಿದರೆ ಸಾಕು.

ಮುಗಿದ ಮೇಲೆ ಐದು ಕಿಲೋ ಜೋಳ ತುಂಬಿ ಒಂದು ರಾತ್ರಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ. ಬೆಳಿಗ್ಗೆ ಹಿಡಿಕೆ ಜಗ್ಗಿರದಿದ್ದರೆ ಪಾಸು. ನನ್ನ ಮೊದಲನೆಯದು ಫೇಲು, ರಾತ್ರಿ ಎರಡಕ್ಕೆ ಧಡ್ ಅಂತ ಬಿತ್ತು, ಅತ್ತೆ ಕಳ್ಳ ಬಂದ ಅಂತ ಎದ್ದು ಕೂತರು.

25 ಕಿಲೋ ಅಕ್ಕಿ ಬರುವ ಪ್ಲಾಸ್ಟಿಕ್ ನೇಯ್ಗೆಯ ಚೀಲದಲ್ಲೂ ಇದೇ ಮಾಡಬಹುದು, ಆದರೆ ಅಂಚು ಎಳೆ ಎಳೆ ಬಿಚ್ಚುತ್ತದೆ, ಎರಡು ಮಡಿಕೆ ಹಾಕಲೇಬೇಕು. ಬಿಸಿಲಿಗೆ ಬಿಟ್ಟರೆ ಪುಡಿಪುಡಿ ಆಗುತ್ತದೆ. ನನಗೆ ಅಷ್ಟು ಇಷ್ಟವಿಲ್ಲ.

ಕೌದಿ

ಇದಕ್ಕೇ ಇಷ್ಟೆಲ್ಲ ಬರೆದದ್ದು. ಹಳೇದನ್ನು ಹೊಸದು ಮಾಡುವ ಕಲೆ ಅಂತ ಈಗ ಎಲ್ಲ ಕಡೆ ಹೇಳುತ್ತಾರೆ, ನಮ್ಮ ಕಡೆ ಅದು ಹಾಸಿಗೆಯ ಮೇಲೆ ತಲೆಮಾರುಗಳಿಂದ ಮಲಗಿದೆ. ಹಳಿಯಾಳ, ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ಸಿಕ್ಕರೆ ಒಮ್ಮೆ ಹತ್ತಿರದಿಂದ ನೋಡಿ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ, ಗೆರೆ ಎಳೆಯುವುದಿಲ್ಲ, ಅಳತೆ ಪಟ್ಟಿ ಇಲ್ಲ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡು ಇಡುತ್ತಾರೆ, ಅದಕ್ಕೆ ಫೂಲ ಅಂತಾರೆ. ಅದಿಲ್ಲದ ಕೌದಿ ಬತ್ತಲೆ ಇದ್ದ ಹಾಗೆ.

ಮೊದಲ ಸಲಕ್ಕೆ ಕೂಸಿನ ಕೌದಿ ಮಾಡಿ, 40 ಇಂಚು ಅಗಲ, 48 ಇಂಚು ಉದ್ದ. ಮೇಲಿನ ಪದರಕ್ಕೆ ಒಂಬತ್ತು ಇಂಚಿನ ಚೌಕ ತುಂಡು 30 ಬೇಕು. ಸುತ್ತ ಅರ್ಧರ್ಧ ಇಂಚು ಮಡಚಿದರೆ ಎಂಟು ಇಂಚಾಗುತ್ತದೆ, ಅಗಲಕ್ಕೆ ಐದು, ಉದ್ದಕ್ಕೆ ಆರು. ಅಡಿಗೆ ಸೀರೆಯ ಪೂರ್ತಿ ಅಗಲ, ಅಂದರೆ ಸುಮಾರು 45 ಇಂಚು, ಉದ್ದಕ್ಕೆ 53 ಇಂಚು ಕತ್ತರಿಸಿ. ನಾಲ್ಕೂ ಕಡೆ ಎರಡೂವರೆ ಇಂಚು ಒಳಗೆ ಮಡಚಿದರೆ ಸರಿಯಾಗಿ ಅಳತೆಗೆ ಬರುತ್ತದೆ. ನಡುವೆ ಒಂದು ಅಥವಾ ಎರಡು ಪದರ ಸವೆದ ಧೋತರ ಸಾಕು. ಮೂರು ನಾಲ್ಕು ಹಾಕಿದರೆ ಬೆಚ್ಚಗಿರುತ್ತದೆ ಅಂತ ಆಸೆ ಆಗುತ್ತದೆ, ಸೂಜಿ ಇಳಿಯಲ್ಲ, ಬೆರಳು ತೂತಾಗುತ್ತದೆ.

ನೆಲ ಒರೆಸಿ, ಒಣಗಿದ ಮೇಲೆ ಅಡಿಯ ಸೀರೆ ಹಾಸಿ. ನಾಲ್ಕು ಮೂಲೆಗೆ ಒರಳು ಕಲ್ಲೋ ಅಕ್ಕಿ ಡಬ್ಬಿಯೋ ಇಟ್ಟು ಬಿಗಿ ಮಾಡಿ. ಧೋತರ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಸುಕ್ಕು ತಳ್ಳಿ. ಆಮೇಲೆ ಅಡಿಯ ಬಟ್ಟೆಯ ಅಂಚನ್ನು ಅದರ ಮೇಲೆ ಮಡಚಿ, ಇಡೀ ಕೌದಿಗೆ ಒಂದು ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಕೊನೆಗೆ ಕೌದಿ ಒಂದು ಕಡೆ ಜೋತು ಬೀಳುತ್ತದೆ, ಬಿಚ್ಚುವುದಕ್ಕೆ ಹೊಲಿದದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಈಗ ಮೂಲೆಯಿಂದ ಒಂದೊಂದೇ ತುಂಡು ಇಟ್ಟು, ಅಂಚು ಒಳಗೆ ಮಡಚಿ, ಓಟದ ಹೊಲಿಗೆ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಗಲ. ಇಷ್ಟು ಸಣ್ಣ ಕೌದಿಗೇ ಸುಮಾರು 65 ಸಾಲು ಬರುತ್ತದೆ, ದಾರ ನೂರು ಮೀಟರ್ ಹತ್ತಿರ ಬೇಕು, ಆದ್ದರಿಂದ ಮಷಿನ್ನಿನ ಸಣ್ಣ ದಾರ ಬೇಡ, ದಪ್ಪ ಹತ್ತಿ ದಾರ ತನ್ನಿ. ಒಂದು ಸಲಕ್ಕೆ ಒಂದು ಮೊಳಕ್ಕಿಂತ ಸ್ವಲ್ಪ ಉದ್ದ ಮಾತ್ರ ಪೋಣಿಸಿ. ಉದ್ದ ಪೋಣಿಸಿದರೆ ಕೆಲಸ ಬೇಗ ಆಗುತ್ತದೆ ಅಂತ ಅನಿಸುತ್ತದೆ, ಗಂಟು ಬಿಡಿಸುವುದರಲ್ಲೇ ಮಧ್ಯಾಹ್ನ ಮುಗಿಯುತ್ತದೆ. ದಾರವನ್ನು ಮೇಣದಬತ್ತಿಯ ಮೇಲೆ ಒಮ್ಮೆ ಎಳೆದರೆ ಸಲೀಸಾಗಿ ಹೋಗುತ್ತದೆ.

ಯಾವ ತುಂಡಿನ ಪಕ್ಕ ಯಾವುದು ಅಂತ ಬಹಳ ಯೋಚನೆ ಮಾಡಬೇಡಿ. ನಾನು ಮೊದಲು ಬಣ್ಣ ಹೊಂದಿಸಿ ಹೊಂದಿಸಿ ಇಟ್ಟೆ, ಅತ್ತೆ ಬಂದು ಎಲ್ಲ ಕದಡಿಬಿಟ್ಟರು. "ಕೌದಿ ಅಂದ್ರ ಎಲ್ಲಾರೂ ಬಂದ್ ಕುಂದರೂ ಪಂಕ್ತಿ ಇದ್ದಂಗ, ನೀ ಏನ್ ಜಾತಿ ನೋಡಿ ಕುಂದ್ರಸಾಕತ್ತೀ?" ಅಂದರು. ಅವರು ಕದಡಿಟ್ಟದ್ದೇ ಚೆನ್ನಾಗಿ ಕಂಡಿತು. ಕಪ್ಪು ಚಂದ್ರಕಾಳಿ ಸೀರೆಯ ತುಂಡಿನ ಪಕ್ಕ ಯೂನಿಫಾರ್ಮಿನ ನೀಲಿ ಬರುತ್ತದೆ ಅಂತ ನಾನು ಜನ್ಮದಲ್ಲಿ ಊಹಿಸುತ್ತಿರಲಿಲ್ಲ. ಖಣದ ತುಂಡುಗಳು ಕಡಿಮೆ ಇದ್ದರೆ ಒಂದೇ ಕಡೆ ಗುಂಪು ಮಾಡದೆ ದೂರ ದೂರ ಇಡಿ, ಅಷ್ಟು ನೋಡಿಕೊಂಡರೆ ಸಾಕು.

ದಿನಕ್ಕೆ ಎರಡು ತಾಸು ಕೂತರೆ ಕೂಸಿನ ಕೌದಿ ಹದಿನೈದು ದಿನಕ್ಕೆ ಮುಗಿಯುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಪಡಸಾಲೆಯಲ್ಲಿ ಹಾಸಿದರೆ ಯಾರಾದರೂ ಬಂದು ಕೂರುತ್ತಾರೆ. ಕೌದಿಯ ಮುಂದೆ ಕೈ ಕಟ್ಟಿ ಕೂರುವುದು ಯಾವ ಹೆಂಗಸಿಗೂ ಆಗುವುದಿಲ್ಲ, ತಾವಾಗೇ ಸೂಜಿ ಕೇಳುತ್ತಾರೆ. ಧಾರವಾಡ ಆಕಾಶವಾಣಿ ಹಚ್ಚಿಟ್ಟರೆ ಟಿವಿಗಿಂತ ಒಳ್ಳೆಯದು, ಕಣ್ಣು ಕೆಲಸದ ಮೇಲೇ ಇರುತ್ತದೆ. ಆ ಎರಡು ತಾಸಿನಲ್ಲಿ ನಾನು ಪಗಾರದ ವಿಷಯ ಯೋಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಯೋಚಿಸಿದೆ, ಆದರೆ ಕೈ ಓಡುವಾಗ ಯೋಚನೆ ಒಂದೇ ಕಡೆ ಗಾಣದೆತ್ತಿನಂತೆ ಸುತ್ತುವುದಿಲ್ಲ.

ಕೊನೆಯ ಮೂಲೆ ಮುಚ್ಚುವ ಮುಂಚೆ ಅತ್ತೆ ಒಂದು ತುಣುಕು ರೊಟ್ಟಿ ತಂದು ಒಳಗೆ ತುರುಕಿದರು. ಕೌದಿಯ ಹೊಟ್ಟೆ ಖಾಲಿ ಇಡಬಾರದಂತೆ. ಇಲಿ ಬರುತ್ತದೆ ಅಂತ ನಾನು ತಕರಾರು ತೆಗೆದೆ. ಕೊನೆಗೆ ನಾಲ್ಕು ಕಾಳು ಜೋಳಕ್ಕೆ ರಾಜಿ ಆಯಿತು.

ಒಗೆಯುವಾಗ ಒಬ್ಬರೇ ಹೋಗಬೇಡಿ. ನೀರು ಕುಡಿದ ದೊಡ್ಡ ಕೌದಿ ಎಮ್ಮೆಕರುವಿನಷ್ಟು ಭಾರ ಇರುತ್ತದೆ. ಇಬ್ಬರು ಎರಡು ತುದಿ ಹಿಡಿದು ಎದುರುಬದುರು ಹಿಂಡಬೇಕು, ಹಗ್ಗಕ್ಕಿಂತ ಗೋಡೆಯ ಮೇಲೆ ಹಾಕಿದರೆ ಹೊಲಿಗೆ ಜಗ್ಗುವುದಿಲ್ಲ. ಮಳೆಗಾಲದಲ್ಲಿ ಒಗೆಯುವ ಸಾಹಸವೇ ಬೇಡ.

ಕಲೆ ಬಿದ್ದ ಬಟ್ಟೆಗೆ ಕಸೂತಿ

ಅರಿಶಿನ ಬಿದ್ದ ಟಾಪು, ಮಸಿ ತಾಗಿದ ಟೇಬಲ್ ಬಟ್ಟೆ ಇವನ್ನು ಬಿಸಾಡುವ ಮುಂಚೆ ಕಲೆಯ ಮೇಲೆ ಒಂದು ತೇರೋ ಗೋಪುರವೋ ಎಬ್ಬಿಸಿ. ಧಾರವಾಡದ ಕಸೂತಿಯಲ್ಲಿ ನಾಲ್ಕು ಹೊಲಿಗೆ ಇವೆ: ಗವಂತಿ, ಮುರಗಿ, ನೇಗಿ, ಮೆಂತೆ. ಹೊಸಬರಿಗೆ ಗವಂತಿ ಸಾಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗುವುದು, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುವುದು. ಗಂಟು ಹಾಕಬಾರದು, ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಎಲ್ಲ ಎಳೆ ಎಣಿಸುವ ಲೆಕ್ಕ, ಚಿತ್ರ ಬರೆದುಕೊಳ್ಳುವಂತಿಲ್ಲ.

ನುಣುಪು ಬಟ್ಟೆಯಲ್ಲಿ ಎಳೆ ಕಾಣುವುದಿಲ್ಲವಲ್ಲ ಅನ್ನುತ್ತೀರಾ? ಅದಕ್ಕೊಂದು ಉಪಾಯ ಇದೆ. ಸಡಿಲ ನೇಯ್ಗೆಯ ಬಟ್ಟೆಯ ತುಂಡನ್ನು ಕಲೆಯ ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿ, ಅದರ ಎಳೆ ಎಣಿಸಿ ಎರಡೂ ಬಟ್ಟೆ ಸೇರಿಸಿ ಹೊಲಿಯಿರಿ. ಮುಗಿದ ಮೇಲೆ ಮೇಲಿನ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಕಸೂತಿ ಮಾತ್ರ ಕೆಳಗೆ ಉಳಿಯುತ್ತದೆ. ಕಣ್ಣು ನೋವಾಗುವ ಕೆಲಸ, ಹಗಲು ಬೆಳಕಿನಲ್ಲೇ ಮಾಡಿ.

ಕಾಗದದ ಬುಟ್ಟಿ, ಬೇಸಿಗೆಯಲ್ಲಿ ಮಾತ್ರ

ಅಜ್ಜಿಯರ ಕಾಲದ ಬುಟ್ಟಿ ಇದು. ಒಂದು ಕಿಲೋ ಹಳೇ ಪೇಪರು ಚೂರು ಮಾಡಿ ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ. ನೂರು ಗ್ರಾಂ ಮೆಂತ್ಯ ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ. ಮೆಂತ್ಯದ ಲೋಳೆಯೇ ಅಂಟು, ಅದರ ಕಹಿಗೆ ಹುಳ ಹತ್ತಿರ ಬರುವುದು ಕಡಿಮೆ. ಕಾಗದವನ್ನು ಹಿಂಡಿ, ಒರಳಿನಲ್ಲಿ ಕುಟ್ಟಿ, ಮೆಂತ್ಯ ಸೇರಿಸಿ ರೊಟ್ಟಿ ಹಿಟ್ಟಿನ ಹಾಗೆ ನಾದಿ. ಪಾತ್ರೆಯೊಂದನ್ನು ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಅರ್ಧ ಬೆರಳು ದಪ್ಪಕ್ಕೆ ತಟ್ಟುತ್ತಾ ಬನ್ನಿ. ಬಾಯಿ ಸಣ್ಣದಾಗಿ ಹೊಟ್ಟೆ ದೊಡ್ಡದಿರುವ ಪಾತ್ರೆ ತಗೊಂಡರೆ ಬುಟ್ಟಿ ಹೊರಗೆ ಬರುವುದಿಲ್ಲ, ಹೇಳಿಲ್ಲ ಅನ್ನಬೇಡಿ. ಒಂದು ದಿನ ಬಿಸಿಲಿಗಿಟ್ಟು, ಸ್ವಲ್ಪ ಗಟ್ಟಿಯಾದ ಮೇಲೆ ಬಿಡಿಸಿ, ಮತ್ತೆ ನಾಲ್ಕೈದು ದಿನ ಒಣಗಿಸಿ. ಹೊರಗೆ ಖಣದ ತುಂಡು ಅಂಟಿಸಿದರೆ ಕಣ್ಣಿಗೆ ಹಬ್ಬ. ಬೆಳ್ಳುಳ್ಳಿ, ಸೂಜಿ ದಾರ, ಬಟ್ಟೆಯಲ್ಲಿ ಸುತ್ತಿದ ಕಟಿ ರೊಟ್ಟಿ ಇಡಬಹುದು. ನಾನು ಶ್ರಾವಣದಲ್ಲಿ ಮಾಡಲು ಹೋಗಿ ಬೂಸು ಹಿಡಿದ ಒಂದು ಹಸಿರು ಬುಟ್ಟಿ ಮಾಡಿದೆ.

ಹಳೇ ಲಗ್ನಪತ್ರಿಕೆ ಇದ್ದರೆ ಆಯೇರಿ (ಮದುವೆಯ ಮುಯ್ಯಿ) ಕವರ್ ಮಾಡಿಡಿ. ಯಾವುದಾದರೂ ಕವರ್ ಬಿಚ್ಚಿ ಅದರ ಆಕಾರ ಇಟ್ಟು ಕತ್ತರಿಸಿ, ಒಂದು ಚಮಚ ಮೈದಾಕ್ಕೆ ಅರ್ಧ ಲೋಟ ನೀರು ಹಾಕಿ ಕುದಿಸಿದ ಅಂಟು ಹಚ್ಚಿ. ಅಂಟು ಆ ದಿನಕ್ಕೆ ಬೇಕಾದಷ್ಟೇ ಮಾಡಿ, ಮರುದಿನ ನಾರುತ್ತದೆ. ಪತ್ರಿಕೆಯ ಹೆಸರುಗಳು ಒಳಗೆ ಬರುವ ಹಾಗೆ ಮಡಚಿ, ಇಲ್ಲದಿದ್ದರೆ ಒಬ್ಬರ ಮದುವೆಗೆ ಇನ್ನೊಬ್ಬರ ಹೆಸರು!

ಮಾರಬಹುದಾ?

ಎಲ್ಲರೂ ಇದನ್ನೇ ಕೇಳುತ್ತಾರೆ. ಲೆಕ್ಕ ನೀವೇ ಮಾಡಿ. ಚೀಲಕ್ಕೆ ದಾರ 15 ರೂಪಾಯಿ, ಕೈಹೊಲಿಗೆಗೆ ಮೂರು ತಾಸು. 150ಕ್ಕೆ ಮಾರಿದರೆ ತಾಸಿಗೆ 45 ಬಿತ್ತು. ಕೌದಿಗಂತೂ ನಿಮ್ಮ ಕೂಲಿ ಹಿಡಿದರೆ ಬೆಲೆ ಕೇಳಿದವರು ಎದ್ದು ಹೋಗುತ್ತಾರೆ. ಆದರೂ ಕಡಿಮೆ ಹೇಳಬೇಡಿ. ಸುಮ್ನೆ ಕೊಡಬೇಕು ಅನ್ನಿಸಿದವರಿಗೆ ಸುಮ್ನೆ ಕೊಡಿ, ಮಾರುವುದಾದರೆ ಕೂಲಿ ಹಿಡಿದು ಮಾರಿ, ನಡುವಿನ "ಅಕ್ಕಾ, ಹಳೇ ಬಟ್ಟೀದ ಅಲ್ಲೇನ್ರೀ, ಐವತ್ತಕ್ಕ ಕೊಡ್ರಿ" ಅನ್ನುವ ವ್ಯಾಪಾರ ಬೇಡ. ನಾನು ಆರು ಚೀಲ ಮಾರಿದೆ, ಎಲ್ಲ ಮಗಳ ಶಾಲೆಯ ತಾಯಂದಿರಿಗೆ. 900 ರೂಪಾಯಿ ಬಂತು, ಗ್ಯಾಸ್ ಸಿಲಿಂಡರಿಗೆ ಹೋಯಿತು.

ಜಾಸ್ತಿ ಉಳಿದದ್ದು ಮಾರಿದ್ದರಿಂದಲ್ಲ, ತರದೇ ಇದ್ದದ್ದರಿಂದ. ಆ ವರ್ಷ ಎರಡು ಸೀಮಂತ, ಒಂದು ತೊಟ್ಟಿಲು ಇತ್ತು. ಮೂರಕ್ಕೂ ಅಂಗಡಿಯ ಉಡುಗೊರೆ ತರಲಿಲ್ಲ. ತೊಟ್ಟಿಲಿಗೆ ಕೌದಿ ಕೊಟ್ಟೆ, ಆ ಕೂಸಿನ ಅಜ್ಜಿ ಅದನ್ನು ತಿರುಗಿಸಿ ಹಿಂದಿನ ಹೊಲಿಗೆ ನೋಡಿದರು. ಗೊತ್ತಿರುವವರು ಹಿಂದಿನ ಹೊಲಿಗೆಯನ್ನೇ ನೋಡುತ್ತಾರೆ, ಅಲ್ಲಿ ಸೋಮಾರಿತನ ಮಾಡಬೇಡಿ.

ಕೊನೆಗೆ ಉಳಿಯುವ ಬೆರಳಗಲದ ಚಿಂದಿ ಇದೆಯಲ್ಲ, ಅದನ್ನೂ ಎಸೆಯಬೇಡಿ. ಎರಡು ತುಂಡು ಸೇರಿಸಿ ಸಣ್ಣ ದಿಂಬು ಹೊಲಿದು, ತಲೆ ಬಾಚಿದಾಗ ಉದುರಿದ ಕೂದಲು ತುಂಬಿ. ಸೂಜಿ ಚುಚ್ಚಿಡಲು ಅದರಷ್ಟು ಒಳ್ಳೆಯದಿಲ್ಲ, ಕೂದಲಿನ ಎಣ್ಣೆಗೆ ಸೂಜಿ ತುಕ್ಕು ಹಿಡಿಯುವುದಿಲ್ಲ. ಆದರೆ ಕೂದಲಿಗೆ ಪಾತ್ರೆ ಕೊಡುವವನು ಓಣಿಗೆ ಬರುತ್ತಿದ್ದರೆ ಮೊದಲು ಅತ್ತೆಯನ್ನು ಕೇಳಿ. ನಮ್ಮ ಅತ್ತೆ ಒಂದು ವರ್ಷದಿಂದ ಜಂತಿಯ ಸಂದಿಯಲ್ಲಿ ಕೂಡಿಟ್ಟದ್ದನ್ನು ನಾನು ಸೂಜಿ ದಿಂಬಿಗೆ ತುಂಬಿಬಿಟ್ಟಿದ್ದೆ, ಅವರು ಅದಕ್ಕೆ ಒಂದು ಸ್ಟೀಲ್ ಜರಡಿ ಬರುತ್ತದೆ ಅಂತ ಲೆಕ್ಕ ಹಾಕಿದ್ದರಂತೆ.